ಪಿಸುಮಾತಿನ ಗುಮ್ಮಟದಲ್ಲಿ ಪಾರ್ಟಿಯ ಪ್ಲ್ಯಾನ್ ಪೂರ್ತಿ ಖಳನಿಗೆ ಕೇಳಿಸಿತು. ಇದು ಮೋಸವಾ?

ಪಿಸುಗುಮ್ಮಟ (ವಿಜಯಪುರ) ಕೇಳಿದ್ದು:

ನಮಸ್ಕಾರ. ನಾನು ವಿಜಯಪುರದಲ್ಲಿ ಒಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ಡೈಸ್ ಹಾಕಿ ಆಡುವ ಕಥೆಯಾಟ) ಗುಂಪಿಗೆ ಡಿಎಂ, ಅಂದರೆ ಕಥೆ ನಡೆಸಿ, ಖಳರನ್ನು ಆಡಿಸಿ, ತೀರ್ಮಾನ ಕೊಡುವವನು. ಐದನೇ ಆವೃತ್ತಿ, 2014ರ ನಿಯಮಗಳು. ಕಳೆದ ಭಾನುವಾರದ ಸೆಷನ್ ಮುಗಿದಾಗಿನಿಂದ ನನ್ನ ಗುಂಪಿನಲ್ಲಿ ಅರ್ಧ ಜನ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಹೆಂಡತಿಯ ತಮ್ಮ ಮನೆಗೆ ಬಂದರೂ ಅಕ್ಕನ ಹತ್ತಿರ ಮಾತ್ರ ಮಾತಾಡಿ ಹೋಗುತ್ತಾನೆ. ಅದಕ್ಕೇ ಹೊರಗಿನವರ ಅಭಿಪ್ರಾಯ ಬೇಕು. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಮೊದಲು ಗುಂಪಿನ ಪರಿಚಯ. ಫೈಟರ್ (ಯೋಧನ ಪಾತ್ರ) ಅಂದರೆ ಈಗ ಹೇಳಿದ ಹೆಂಡತಿಯ ತಮ್ಮ, ಬ್ಯಾಂಕಿನಲ್ಲಿ ಕೆಲಸ. ರೋಗ್ (ಕಳ್ಳಹೆಜ್ಜೆಯ ಪಾತ್ರ) ಆಡೋರು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು. ಬಾರ್ಡ್ (ಹಾಡುಗಾರ) ಒಬ್ಬ ಎಂಜಿನಿಯರಿಂಗ್ ಹುಡುಗ, ಹಾಸ್ಟೆಲ್‌ನಿಂದ ಬರುತ್ತಾನೆ. ವಿಝಾರ್ಡ್ (ಮಂತ್ರವಾದಿ) ಒಬ್ಬ ಪಿಯುಸಿ ಹುಡುಗ. ಅವನನ್ನು ಮನೆಗೆ ಕರೆದುಕೊಂಡು ಹೋಗಲು ಬಂದ ಅವನ ಅಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನೋಡುತ್ತಾ ನೋಡುತ್ತಾ ಒಳಗೆ ಬಂದು ಕೂತರು. ಈಗ ಅವರೇ ನಮ್ಮ ಕ್ಲೆರಿಕ್, ಅಂದರೆ ಗಾಯ ವಾಸಿ ಮಾಡುವ ಪೂಜಾರಿ. ಮೆಡಿಕಲ್ ಶಾಪ್ ಇದೆ, ಎಲ್ಲರಿಗೂ ಅವರು ಕಾಕಾ. ಅಂಗಡಿ ಮೇಲಿನ ಗೋದಾಮಿನಲ್ಲೇ ನಾವು ಆಡೋದು. ಸುತ್ತಲೂ ಸಲೈನ್ ಬಾಟಲಿಯ ಡಬ್ಬಿಗಳು, ನಡುವೆ ಒಂದು ಮೇಜು. ಡೈಸ್ ಆನ್‌ಲೈನಿನಲ್ಲಿ ತರಿಸಿದ್ದು. ಗೊಂಬೆಗಳಿಗೆ ದುಡ್ಡು ಹಾಕಿಲ್ಲ. ಪಾರ್ಟಿಗೆ (ಆಟಗಾರರ ಐದು ಪಾತ್ರಗಳ ತಂಡಕ್ಕೆ) ಕೇರಂ ಕಾಯಿ, ಶತ್ರುಗಳಿಗೆ ಚೆಸ್ ಕಾಯಿ.

ನಮ್ಮ ಜಗತ್ತಿನ ಹೆಸರು ಏಳುಬಾವಿ. ಎಲ್ಲವನ್ನೂ ನಮ್ಮೂರಿನಿಂದಲೇ ಎತ್ತಿದ್ದೇನೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಉಪ್ಪಲಿ ಬುರುಜು ಇದೆಯಲ್ಲ, 1584ರದ್ದು, 80 ಅಡಿ ಎತ್ತರ, ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು. ಏಳುಬಾವಿಯಲ್ಲಿ ಅದು ಕಾವಲುಗಾರರ ಗೋಪುರ. ಮಲಿಕ್-ಎ-ಮೈದಾನ್ ತೋಪಿನ ಬಾಯಿಯ ಸಿಂಹ ನಮ್ಮ ಜಗತ್ತಿನಲ್ಲಿ ರಾತ್ರಿ ಕಣ್ಣು ತೆರೆಯುತ್ತದೆ. ತಾಜ್ ಬಾವಡಿ, ಚಾಂದ್ ಬಾವಡಿ ಸೇರಿದ ಹಾಗೆ ಏಳು ಬಾವಿಗಳು, ನೆಲದ ಕೆಳಗೆ ಅವುಗಳನ್ನು ಜೋಡಿಸುವ ಸುರಂಗಗಳು. ಆದಿಲ್ ಶಾಹಿ ಕಾಲದಲ್ಲಿ ನೆಲದೊಳಗಿನ ಕಾಲುವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನೇ ಕಥೆ ಮಾಡಿದೆ. ಏಳೂ ಬಾವಿ ಒಣಗಿವೆ. ನೀರಿನ ಕೀಲಿ ಒಬ್ಬ ಮಂತ್ರವಾದಿಯ ಹತ್ತಿರ ಇದೆ. ಅವನು ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ಕೂತಿದ್ದಾನೆ. ಊರಿನವರು ಅವನನ್ನು ಕಿವುಡ್ಯಾ ಅಂತ ಕರೆಯುತ್ತಾರೆ, ಯಾಕಂದ್ರೆ ಯಾರು ಎಷ್ಟು ಕೂಗಿದರೂ ಅವನು ಉತ್ತರ ಕೊಡುವುದಿಲ್ಲ.

ಗುಮ್ಮಟದ ಅಳತೆಯನ್ನೂ ಬದಲಿಸಲಿಲ್ಲ. ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ, ಒಳಗಿನಿಂದ ಸುಮಾರು 125 ಅಡಿ. ಗ್ಯಾಲರಿಯನ್ನು ನೆಲದಿಂದ 100 ಅಡಿ ಎತ್ತರಕ್ಕೆ ಇಟ್ಟೆ, 10 ಅಡಿ ಅಗಲ, ಒಳಬದಿಗೆ ಮುರಿದ ಕಟ್ಟೆ. ಮೇಲೆ ಹೋಗಲು ಮೂಲೆಯ ಏಳಂತಸ್ತಿನ ಮಿನಾರಿನೊಳಗೆ ಮೆಟ್ಟಿಲು.

ಈಗ ಸೆಷನ್‌ಗೆ ಬರುತ್ತೇನೆ.

ಪಾರ್ಟಿ ಐದನೇ ಲೆವೆಲ್. ರಾತ್ರಿ ಹೊತ್ತು ಮೇಲೆ ಹತ್ತಿ ಗ್ಯಾಲರಿ ಬಾಗಿಲಿಗೆ ಬಂದರು. ಆ ಕಡೆ, ಸರಿಯಾಗಿ ಎದುರಿಗೆ, ಕಿವುಡ್ಯಾ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದಾನೆ. ಪಕ್ಕದಲ್ಲಿ ಒಂದು ದೀಪ. ಕೊರಳಲ್ಲಿ ಕೀಲಿ. ನಾನು ಚೆಸ್ಸಿನ ಕರಿ ರಾಜನನ್ನು ಇಟ್ಟೆ. ಅಲ್ಲಿಂದ ಶುರುವಾಯಿತು ಚರ್ಚೆ. ಕಾಕಾ ಕೆಳಗಿನಿಂದ ಮಿರ್ಚಿ ಭಜಿ ತರಿಸಿದರು. ಭಜಿ ಮುಗಿದರೂ ಚರ್ಚೆ ಮುಗಿಯಲಿಲ್ಲ. ವಿಝಾರ್ಡ್ ಅಕ್ಕೋರ ಮೇಲೆ ಇನ್ವಿಸಿಬಿಲಿಟಿ (ಕಾಣದಂತೆ ಮಾಡುವ ಮಂತ್ರ) ಹಾಕಬೇಕು, ಅಕ್ಕೋರು ಎಡಗಡೆಯಿಂದ ಸುತ್ತಿ ಹೋಗಬೇಕು. ಫೈಟರ್ ಬಲಗಡೆಯಿಂದ. ಕಾಕಾ ಕಿವುಡ್ಯಾನ ಮೇಲೆ ಸೈಲೆನ್ಸ್ (ಸುತ್ತಲ ಸದ್ದೆಲ್ಲ ಅಡಗಿಸುವ ಮಂತ್ರ) ಹಾಕಿದರೆ ಅವನ ಬಾಯಿಂದ ಮಂತ್ರ ಹೊರಡುವುದಿಲ್ಲ. ಬಾರ್ಡ್ ಬಾಗಿಲು ಕಾಯಬೇಕು. ಒಳ್ಳೆಯ ಪ್ಲ್ಯಾನ್. ನಿಜವಾಗಿ ಒಳ್ಳೆಯ ಪ್ಲ್ಯಾನ್.

ನಾನು ನಡುವೆ ಒಂದು ಪ್ರಶ್ನೆ ಕೇಳಿದೆ. "ಇದೆಲ್ಲಾ ನೀವು ಮಾತಾಡ್ತಿದೀರಾ, ಇಲ್ಲಾ ನಿಮ್ಮ ಪಾತ್ರಗಳು ಮಾತಾಡ್ತಿದಾವಾ?"

ಹೆಂಡತಿಯ ತಮ್ಮ ಅಂದ, "ಪಾತ್ರಗಳ ಮಾತಾಡಾಕತ್ತಾವ. ಆದ್ರ ಪಿಸು ಪಿಸು. ಗ್ವಾಡಿಗೆ ಒತ್ತಿ ನಿಂತೀವಿ, ಯಾರಿಗೂ ಕಾಣಂಗಿಲ್ಲ."

ಗೋಡೆಗೆ ಒತ್ತಿ. ಪಿಸು ಪಿಸು. ಗೋಳಗುಮ್ಮಟದ ಊರಿನಲ್ಲಿ ಹುಟ್ಟಿದ ಮನುಷ್ಯ ಹೇಳುವ ಮಾತಾ ಇದು? ಐವರೂ ಚಿಕ್ಕಂದಿನಲ್ಲಿ ಆ ಗ್ಯಾಲರಿಗೆ ಹೋಗಿ ಗೋಡೆಗೆ ಬಾಯಿ ಇಟ್ಟು, ಎದುರಿಗೆ ನಿಂತವರಿಗೆ ಬೈಗುಳ ಕಳಿಸಿದವರೇ. ಅದೂ ಸಾಲದು ಅಂತ ಸೂಚನೆ ಬೇರೆ ಕೊಟ್ಟಿದ್ದೆ. ಹಿಂದಿನ ಸೆಷನ್ನಿನಲ್ಲಿ ಗುಮ್ಮಟದ ಕಸ ಗುಡಿಸುವ ಮುದುಕಿ ಮೆಟ್ಟಿಲ ಕೆಳಗೆ ಚೆನ್ನಾಗಿ ಹರಟೆ ಹೊಡೆದಳು, ಗ್ಯಾಲರಿಗೆ ಕಾಲಿಟ್ಟ ಕೂಡಲೇ ಬರೀ ಕೈಸನ್ನೆ. ಬಾರ್ಡ್ ಕೇಳಿದ್ದಕ್ಕೆ ತುಟಿಯ ಮೇಲೆ ಬೆರಳಿಟ್ಟು ಓಡಿಹೋದಳು. "ಪಾಪ, ಮಾತು ಹೋಗ್ಯಾವ" ಅಂತ ಕಾಕಾ ಅವಳಿಗೆ ಲೆಸ್ಸರ್ ರೆಸ್ಟೊರೇಶನ್ (ಕಾಯಿಲೆ ವಾಸಿ ಮಾಡುವ ಮಂತ್ರ) ಹಾಕಲು ಹೋಗಿದ್ದರು.

ಹಾಗಾಗಿ ನಾನು ತೀರ್ಮಾನ ಮಾಡಿದೆ. ಕಿವುಡ್ಯಾ ಎಲ್ಲಾ ಕೇಳಿಸಿಕೊಂಡ.

ಅವನು ಮೈನರ್ ಇಲ್ಯೂಶನ್ ಅನ್ನೋ ಮಾಯಾಮಂತ್ರ ಹಾಕಿ, ಕಂಬಳಿ ಹೊದ್ದು ಕೂತ ತನ್ನದೇ ಆಕಾರವನ್ನು ಅಲ್ಲಿ ಬಿಟ್ಟ. ಪಕ್ಕದ ಬಾಗಿಲಿನಿಂದ ಹೊರಗೆ ಮಾಳಿಗೆಗೆ ಹೋಗಿ, ಗುಮ್ಮಟದ ಹೊರಗಿನಿಂದ ಅರ್ಧ ಸುತ್ತು ಓಡಿ, ಪಾರ್ಟಿ ಬಂದ ಬಾಗಿಲಿಗೇ ಬಂದ. ಲೆಕ್ಕ ಮಾಡಿದ್ದೇನೆ. ಹೊರಗಿನ ಅರ್ಧ ಸುತ್ತು ಸುಮಾರು 226 ಅಡಿ. ಡ್ಯಾಶ್ ಮಾಡಿದರೆ (ದುಪ್ಪಟ್ಟು ವೇಗದಲ್ಲಿ ಓಡಿದರೆ) ನಾಲ್ಕು ರೌಂಡು. ಇಲ್ಯೂಶನ್ ಒಂದು ನಿಮಿಷ ಇರುತ್ತದೆ, ಅಂದರೆ ಹತ್ತು ರೌಂಡು. ಪಾರ್ಟಿ ಕಳ್ಳಹೆಜ್ಜೆಯಲ್ಲಿ ಬರಲು ಅಷ್ಟು ಹೊತ್ತು ಬೇಕೇ ಬೇಕು.

ಕಾಕಾ ಸೈಲೆನ್ಸ್ ಹಾಕಿದರು. ಕಂಬಳಿಯ ಮೇಲೆ. ಅಕ್ಕೋರು ಬೆನ್ನ ಹಿಂದಿನಿಂದ ಸ್ನೀಕ್ ಅಟ್ಯಾಕ್ ಮಾಡಿದರು. ಕಂಬಳಿಗೆ. ಡೈಸ್‌ನಲ್ಲಿ ಇಪ್ಪತ್ತಕ್ಕೆ 19 ಬಿದ್ದಿತ್ತು, ಅದೇ ಅವರಿಗೆ ಹೆಚ್ಚು ಸಿಟ್ಟು. ಇನ್ವಿಸಿಬಿಲಿಟಿಯೂ ಹೋಯಿತು. ಅವರು ಕೂಗಿದರು, ಆದರೆ ಸೈಲೆನ್ಸ್ ಒಳಗೆ ಇದ್ದರಲ್ಲ, ಯಾರಿಗೂ ಕೇಳಲಿಲ್ಲ. ನಾನು ಕರಿ ರಾಜನನ್ನು ಎತ್ತಿ ಬಾರ್ಡ್‌ನ ಹಿಂದೆ ಇಟ್ಟೆ. ಗೋದಾಮಿನಲ್ಲೂ ಸೈಲೆನ್ಸ್.

ಆಮೇಲೆ ಥಂಡರ್‌ವೇವ್. ಬಾರ್ಡ್‌ನ ಸೇವ್ (ಪೆಟ್ಟು ತಡೆಯಲು ಹಾಕುವ ಡೈಸ್) ತಪ್ಪಿತು, ಗುಡುಗಿನ ಆ ಮಂತ್ರ ಅವನನ್ನು 10 ಅಡಿ ಆಚೆಗೆ ತಳ್ಳಿತು, ಗ್ಯಾಲರಿ ಇರುವುದೇ 10 ಅಡಿ. ಹುಡುಗ ಮುರಿದ ಕಟ್ಟೆ ದಾಟಿ ಗಾಳಿಯಲ್ಲಿ. 100 ಅಡಿ ಅಂದರೆ 10ಡಿ6 (ಆರು ಮುಖದ ಹತ್ತು ಡೈಸ್), ಸರಾಸರಿ 35 ಪೆಟ್ಟು, ಅವನ ಹತ್ತಿರ ಉಳಿದಿದ್ದ ಪ್ರಾಣದ ಅಂಕ 24. ವಿಝಾರ್ಡ್ ಹುಡುಗ ಕುರ್ಚಿಯಿಂದ ಎದ್ದು "ಫೆದರ್ ಫಾಲ್! ಫೆದರ್ ಫಾಲ್!" ಅಂತ ಕೂಗಿದ್ದಕ್ಕೆ ಕೆಳಗಿನ ಅಂಗಡಿಯಿಂದ ಕೆಲಸದ ಹುಡುಗ ಓಡಿ ಬಂದ, ಯಾವುದೋ ಔಷಧಿಯ ಹೆಸರು ಅಂದುಕೊಂಡು. ಆ ಮಂತ್ರದಿಂದ ಬಾರ್ಡ್ ಉಳಿದ. ಮೆಲ್ಲಗೆ ಇಳಿದು ಗೋರಿಯ ಪಕ್ಕ ನಿಂತು, ಮುಂದಿನ ಜಗಳವನ್ನು ಕೆಳಗಿನಿಂದ ಕತ್ತೆತ್ತಿ ನೋಡಿದ.

ಫೈಟರ್ ವಾಪಸ್ ಓಡಿ ಬಂದ. ಲೈಟ್ನಿಂಗ್ ಬೋಲ್ಟ್ ತಿಂದು ಬಿದ್ದ. ಡೆತ್ ಸೇವ್ (ಸಾವು ತಪ್ಪಿಸಿಕೊಳ್ಳುವ ಡೈಸ್) ಎರಡು ತಪ್ಪಿದ ಮೇಲೆ ಕಾಕಾ ಹೀಲಿಂಗ್ ವರ್ಡ್ ಹಾಕಿ ಎಬ್ಬಿಸಿದರು. ಎಲ್ಲರೂ ಮಿನಾರಿನ ಮೆಟ್ಟಿಲಿಳಿದು ಓಡಿದರು. ಕೀಲಿ ಸಿಗಲಿಲ್ಲ.

ಸೆಷನ್ ಮುಗಿದ ಮೇಲೆ ಜಗಳ. ಹೆಂಡತಿಯ ತಮ್ಮನ ವಾದ: "ನಾವು ಮೇಜಿನ ಮ್ಯಾಲೆ ಭಜಿ ತಿನಕೋತ ಮಾತಾಡೀವಿ, ಅಂವಗ ಹೆಂಗ ಕೇಳಿಸ್ತದ? ಡಿಎಂ ಕೇಳಿಸ್ಕೊಂಡು ಖಳಗ ಹೇಳಿದಂಗ ಆತು." ನನ್ನ ವಾದ: ನಾನು ಕೇಳಿದೆ, ನೀನೇ ಪಾತ್ರಗಳು ಅಂದೆ. ನನಗೆ ನನ್ನ ತೀರ್ಮಾನ ಸರಿ ಅಂತಲೇ ಅನ್ನಿಸುತ್ತಿದೆ. ನೀವೇನಂತೀರಿ?

ಇನ್ನೊಂದು ಸಣ್ಣ ಪ್ರಶ್ನೆ. ಥಂಡರ್‌ವೇವ್ ಸದ್ದು 300 ಅಡಿವರೆಗೆ ಕೇಳುತ್ತದೆ ಅಂತ ಮಾತ್ರ ನಿಯಮದಲ್ಲಿದೆ. ಆದರೆ ಈ ಗುಮ್ಮಟದಲ್ಲಿ ಸದ್ದು ಏಳು ಸಲ ಮರುಕಳಿಸುತ್ತದಲ್ಲ? ಆ ದಿನ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಸಲ ಹಿಡಿಯಬೇಕಾ?

---

ಬೆಳಗಾವಿ ಡೈಸ್ ಅವರ ಉತ್ತರ:

ಸರ್, ಮೊದಲು ಒಂದು ಮಾತು. ಸೆಷನ್ ಸಖತ್ತಾಗಿದೆ. ಕಂಬಳಿಗೆ 19 ಓದಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು.

ಆದರೆ ನಾನು ನಿಮ್ಮ ಮೈದುನನ ಕಡೆಗೆ. ನಾನೂ ಇಲ್ಲಿ ಬೆಳಗಾವಿಯಲ್ಲಿ ಬಹಳ ವರ್ಷದಿಂದ ಡಿಎಂ ಕೆಲಸ ಮಾಡುತ್ತಿದ್ದೇನೆ. ನನ್ನ ಮೇಜಿನ ಮೇಲೆ ಒಂದು ಪದ್ಧತಿ ಇದೆ. ಆ ಜಗತ್ತಿನಲ್ಲಿ ಹುಟ್ಟಿ ಬೆಳೆದ ಪಾತ್ರಕ್ಕೆ ಗೊತ್ತಿರಲೇಬೇಕಾದ ವಿಷಯವನ್ನು ಆಟಗಾರರಿಗೆ ನೇರವಾಗಿ ಹೇಳಿಬಿಡೋದು. ಸೂಚನೆ ಅಲ್ಲ, ನೇರವಾಗಿ. "ಈ ಗುಮ್ಮಟದಲ್ಲಿ ಪಿಸುಮಾತು ಆ ಕಡೆಗೆ ಹೋಗುತ್ತದೆ, ನಿಮಗೆಲ್ಲ ಗೊತ್ತು. ಈಗ ಏನು ಮಾಡ್ತೀರಿ?" ಹೀಗೆ ಹೇಳಿದ್ದರೆ ಆಟ ಕೆಡುತ್ತಿರಲಿಲ್ಲ, ಇನ್ನೂ ರಂಗೇರುತ್ತಿತ್ತು. ಐದು ಜನ ಮೇಜಿನ ಸುತ್ತ ಕೈಸನ್ನೆಯಲ್ಲಿ ಪ್ಲ್ಯಾನ್ ಮಾಡೋದನ್ನು ನೆನೆಸಿಕೊಳ್ಳಿ!

"ನೀವು ಮಾತಾಡ್ತಿದೀರಾ, ಪಾತ್ರಗಳು ಮಾತಾಡ್ತಿದಾವಾ" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಯಾವಾಗ ಕೇಳಿದಿರಿ? ಎಲ್ಲಾ ಮಾತಾಡಿದ ಮೇಲೆ. ನಮ್ಮಲ್ಲಿ ತಲೆ ಮೇಲೆ ಕೈ ಇಟ್ಟುಕೊಂಡು ಮಾತಾಡಿದರೆ ಅದು ಆಟಗಾರನ ಮಾತು, ಇಲ್ಲದಿದ್ದರೆ ಪಾತ್ರದ ಮಾತು. ಹೊಸಬರಿಗೆ ಎರಡು ಸಲ ನೆನಪಿಸಬೇಕಾಗುತ್ತದೆ, ಆಮೇಲೆ ತಾನಾಗಿ ರೂಢಿಯಾಗುತ್ತದೆ.

ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಗೋಡೆ ಎರಡೂ ಕಡೆ ಕೆಲಸ ಮಾಡುತ್ತದೆ ಅಲ್ವಾ? ಇವರ ಪಿಸುಮಾತು ಅವನಿಗೆ ಕೇಳಿದರೆ ಅವನ ಸದ್ದು ಇವರಿಗೆ ಕೇಳಬೇಕು. ನಾನೇ ಗೋಳಗುಮ್ಮಟದಲ್ಲಿ ಎದುರು ಕಡೆ ಯಾರೋ ಕಾಗದ ಹರಿದದ್ದು ಕೇಳಿಸಿಕೊಂಡಿದ್ದೇನೆ. ಕಿವುಡ್ಯಾ ಎದ್ದಿದ್ದು, ಬಟ್ಟೆ ಸರಿಸಿದ್ದು, ಬಾಗಿಲು ತೆಗೆದದ್ದು? ಅಕ್ಕೋರ ಪ್ಯಾಸಿವ್ ಪರ್ಸೆಪ್ಶನ್ (ಡೈಸ್ ಹಾಕದೇ ಗಮನಕ್ಕೆ ಬರುವ ಅಂಕ) ಎಷ್ಟು? ಮಂತ್ರ ಹೇಳಿದ್ದಂತೂ ಕೇಳಲೇಬೇಕಿತ್ತು.

---

ಪಿಸುಗುಮ್ಮಟ:

ಅಕ್ಕಾ, ಮಂತ್ರದ ವಿಷಯದಲ್ಲಿ ನಾನು ಮೊದಲೇ ಯೋಚಿಸಿದ್ದೆ. ಮೈನರ್ ಇಲ್ಯೂಶನ್‌ಗೆ ಬಾಯಿಮಾತು ಬೇಡ. ಕೈಸನ್ನೆ ಮತ್ತು ಒಂದು ಚೂರು ಉಣ್ಣೆ, ಅಷ್ಟೇ. ಅದಕ್ಕೇ ಆ ಸ್ಪೆಲ್ ಆರಿಸಿದ್ದು. ಬರಿಗಾಲು. ಬಾಗಿಲಿಗೆ ಕದ ಇಲ್ಲ, ಬರೀ ಕಮಾನು. ಹಾಗಿದ್ದರೂ ಅವನಿಗೆ ಸ್ಟೆಲ್ತ್ (ಸದ್ದಿಲ್ಲದೆ ಸರಿಯುವ ಡೈಸ್) ಹಾಕಿದೆ, ಆಟಗಾರರಿಗೆ ಕಾಣದ ಹಾಗೆ ಡಿಎಂ ಪರದೆ ಹಿಂದೆ. 17 ಬಂತು. ಅಕ್ಕೋರ ಪ್ಯಾಸಿವ್ 16.

ಒಂದರಲ್ಲಿ ಸೋಲುತ್ತಾರೆ ಅಂದರೆ ಏನು ಮಾಡಲಿ, ಹೇಳಿ. ಡೈಸ್ ಪರದೆ ಹಿಂದೆ ಬಿದ್ದದ್ದಕ್ಕೆ ಗುಂಪಿನಲ್ಲಿ ಕೆಲವರು ನಂಬಲಿಲ್ಲ.

---

ನವನಗರದ ಹುಡುಗ (ಬಾಗಲಕೋಟೆ):

ನಾನು ಇನ್ನೂ ಹೊಸಬ, ಎರಡನೇ ಲೆವೆಲ್ ಬಾರ್ಬೇರಿಯನ್. ಆದರೆ ಫಿಸಿಕ್ಸ್ ಓದುತ್ತಿದ್ದೇನೆ, ಆ ಕಡೆಯಿಂದ ಎರಡು ಮಾತು.

ಇಂಥ ಗ್ಯಾಲರಿಯಲ್ಲಿ ಸದ್ದು ಗಾಳಿಯಲ್ಲಿ ಅಡ್ಡ ಹಾಯ್ದು ಹೋಗುವುದಕ್ಕಿಂತ ಹೆಚ್ಚಾಗಿ ಬಾಗಿದ ಗೋಡೆಗೆ ಅಂಟಿಕೊಂಡು ತೆವಳುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿಯನ್ನು ನೋಡಿ ಇದನ್ನು ವಿವರಿಸಿದ್ದು ರೇಲೀ ಅನ್ನುವ ವಿಜ್ಞಾನಿ. ಗೋಡೆಗೆ ಹತ್ತಿರ ಇದ್ದಷ್ಟೂ ಚೆನ್ನಾಗಿ ಕೇಳುತ್ತದೆ. ಪಿಸುಮಾತಿನಲ್ಲಿ ಸ, ಶ ಥರದ ತೆಳು ಸದ್ದು ಜಾಸ್ತಿ, ಅವು ಗೋಡೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ ನಿಮ್ಮ ಫೈಟರ್ "ಗೋಡೆಗೆ ಒತ್ತಿ ಪಿಸು ಪಿಸು" ಅಂದದ್ದು ಇರುವುದರಲ್ಲೇ ಕೆಟ್ಟ ಜಾಗ, ಕೆಟ್ಟ ದನಿ. ಕಟ್ಟೆಯ ಕಡೆಗೆ ಸರಿದು ಮಾಮೂಲಿ ದನಿಯಲ್ಲಿ ಮಾತಾಡಿದ್ದರೆ ಮರುದನಿಯಲ್ಲಿ ಎಲ್ಲಾ ಕಲಸಿಹೋಗುತ್ತಿತ್ತು. ಮಾತಾಡ್ತಿದಾರೆ ಅಂತ ಗೊತ್ತಾಗುತ್ತಿತ್ತು, ಏನು ಮಾತಾಡ್ತಿದಾರೆ ಅಂತ ಗೊತ್ತಾಗುತ್ತಿರಲಿಲ್ಲ.

ನಾನು ಶಾಲೆ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ ಏನೂ ಕೇಳಲಿಲ್ಲ. ಮೂರು ಶಾಲೆಯ ಮಕ್ಕಳು ಒಂದೇ ಸಲ ಕಿರುಚುತ್ತಿದ್ದರು. ಗೈಡ್ ಬೆಂಕಿಕಡ್ಡಿ ಗೀರಿ ತೋರಿಸಿದ, ಬೆಂಕಿ ಕಂಡಿತು ಅಷ್ಟೇ. ಅಂದರೆ ಗದ್ದಲ ಇದ್ದರೆ ಕಿವುಡ್ಯಾನ ಶಕ್ತಿ ಸೊನ್ನೆ. ಬಾರ್ಡ್ ಇದಾನಲ್ಲ? ಹಲಗಿ ಹಿಡಿದು ಬಾರಿಸಲಿ.

ನಿಮ್ಮ ಥಂಡರ್‌ವೇವ್ ಪ್ರಶ್ನೆಗೂ ಇದೇ ಉತ್ತರ. ಮರುದನಿಗೆ ಪೆಟ್ಟು ಕೊಡಬೇಡಿ, ಪ್ರತಿ ಸಲವೂ ಅದು ಕ್ಷೀಣಿಸುತ್ತಾ ಹೋಗುತ್ತದೆ. ಬೇಕಾದರೆ ಗ್ಯಾಲರಿಯಲ್ಲಿ ಇರುವವರೆಲ್ಲ ಕಾನ್‌ಸ್ಟಿಟ್ಯೂಶನ್ ಸೇವ್ (ಮೈಯ ತ್ರಾಣದ ಡೈಸ್) ಮಾಡಲಿ, ತಪ್ಪಿದರೆ ಒಂದು ರೌಂಡ್ ಡೆಫನ್ಡ್, ಅಂದರೆ ಕಿವುಡು. ಖಳನಿಗೂ ಅದೇ ನಿಯಮ. ಮತ್ತೆ ಗೋಡೆಗೆ ಕಿವಿ ಕೊಟ್ಟು ಕೂತವನಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಡೈಸ್ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯೋದು) ಬೇರೆ ಕೊಡಬೇಕು. ಪಾರ್ಟಿಯವರು ಮೊದಲ ರೌಂಡಿನಲ್ಲೇ ಗೋಡೆಗೆ ಥಂಡರ್‌ವೇವ್ ಹೊಡೆದರೆ ಕಿವುಡ್ಯಾ ನಿಜವಾಗಿಯೂ ಕಿವುಡ ಆಗ್ತಾನೆ. ಆಮೇಲೆ ಏನು ಬೇಕಾದರೂ ಮಾತಾಡಿಕೊಳ್ಳಲಿ.

---

ಲೆಕ್ಕದ ಅಕ್ಕೋರು (ವಿಜಯಪುರ):

ನಾನೇ ಆ ಕಂಬಳಿಗೆ ಚುಚ್ಚಿದ ರೋಗ್. ಈ ಚರ್ಚೆಯ ಕೊಂಡಿ ನನ್ನ ಫೋನಿಗೆ ಬಂತು, ಯಾರು ಕಳಿಸಿದರು ಅಂತ ಹೇಳುವುದಿಲ್ಲ.

ನವನಗರದ ತಮ್ಮಾ, ನೀನು ಜಾಣ ಇದ್ದೀ. ಆದರೆ ಈಗ ಏನಾಯಿತು ನೋಡು. ನಾವು ನಾಲ್ಕು ದಿನದಿಂದ ವಾಟ್ಸಾಪಿನಲ್ಲಿ ಡಿಎಂ ಸರ್ ಇಲ್ಲದ ಬೇರೆ ಗುಂಪು ಮಾಡಿಕೊಂಡು ಇದೇ ಥಂಡರ್‌ವೇವ್ ಪ್ಲ್ಯಾನ್ ಹಾಕಿದ್ದೆವು. ಬಾರ್ಡ್ ಅದನ್ನು ಕಲಿಯುವುದು ಅಂತಲೂ ಮಾತಾಗಿತ್ತು. ನೀನು ಅದನ್ನು ಡಿಎಂ ಕಣ್ಣೆದುರಿಗೇ ಬರೆದುಬಿಟ್ಟೆ. ಗೋಡೆಗೆ ಕಿವಿ ಇರುವುದು ಗುಮ್ಮಟದಲ್ಲಿ ಮಾತ್ರ ಅಲ್ಲ.

ಈಗ ಡಿಎಂ ಸರ್‌ಗೆ. ಸರ್, 17 ಬಿತ್ತು ಅಂದಿರಿ, ನಂಬಿದೆ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಕಡೆ ಎಡವಿದ್ದೀರಿ. ಹೊರಗಿನ ಅರ್ಧ ಸುತ್ತು 226 ಅಡಿ ಸರಿ, 144 ಅಡಿ ವ್ಯಾಸಕ್ಕೆ ಅಷ್ಟೇ ಬರುತ್ತದೆ. ಅಷ್ಟು ದೂರವನ್ನು ನಾಲ್ಕು ರೌಂಡಿನಲ್ಲಿ ಡ್ಯಾಶ್ ಮಾಡಿಕೊಂಡು ಓಡಿದವನು ಸ್ಟೆಲ್ತ್ ಹೇಗೆ ಮಾಡಿದ? ಕಲ್ಲಿನ ಮಾಳಿಗೆ, ಒಳಗೆ ಬರಲು ಸುತ್ತಲೂ ತೆರೆದ ಕಮಾನುಗಳು. ಓಟದ ಸದ್ದು ಒಂದೊಂದು ಕಮಾನಿನಿಂದಲೂ ಒಳಗೆ ಬರಬೇಕು. ಬಾಗಿಲಲ್ಲಿ ಕಾವಲಿಗೆ ಅಂತಲೇ ಬಾರ್ಡ್‌ನನ್ನು ನಿಲ್ಲಿಸಿದ್ದೆವು. ಅವನಿಗೆ ಒಂದು ಪರ್ಸೆಪ್ಶನ್ ರೋಲ್ ಆದರೂ ಕೊಡಬೇಕಿತ್ತು. ನನ್ನ ತಕರಾರು ಇಷ್ಟೇ. ಪ್ಲ್ಯಾನ್ ಕೇಳಿಸಿಕೊಂಡದ್ದಕ್ಕೆ ನನಗೆ ಬೇಜಾರಿಲ್ಲ. ನಿಜ ಹೇಳಬೇಕೆಂದರೆ, "ಪಾತ್ರಗಳು ಮಾತಾಡ್ತಿದಾವಾ" ಅಂತ ನೀವು ಕೇಳಿದಾಗಲೇ ನನಗೆ ಹೊಟ್ಟೆಯೊಳಗೆ ಕಸಿವಿಸಿ ಆಗಿತ್ತು. ಬಾಯಿ ಬಿಡುವಷ್ಟರಲ್ಲಿ ನಿಮ್ಮ ಮೈದುನ ಉತ್ತರ ಕೊಟ್ಟುಬಿಟ್ಟ.

ಅವನಿಗೆ ಸಿಟ್ಟು ಬಂದಿರುವುದೂ ಅದಕ್ಕೇ ಅಂತ ನನ್ನ ಅನುಮಾನ. ತನ್ನ ಬಾಯಿಂದಲೇ ಆದದ್ದಲ್ಲ.

---

ಗುಳಿಗಿ ಕಾಕಾ:

ನನಗೆ ಇಂಥಲ್ಲಿ ಬರೆದು ಗೊತ್ತಿಲ್ಲ. ಮಗ ಟೈಪ್ ಮಾಡುತ್ತಿದ್ದಾನೆ.

ಮಗನ ಹತ್ತಿರ ಮೆಸೇಜ್ ಅನ್ನೋ ಸ್ಪೆಲ್ ಇತ್ತಂತೆ. ಒಬ್ಬರಿಗೆ ಬೆರಳು ತೋರಿಸಿ ಪಿಸುಗುಟ್ಟಿದರೆ ಅವರಿಗೊಬ್ಬರಿಗೇ ಕೇಳುತ್ತದೆ. 120 ಅಡಿವರೆಗೆ. ಎಷ್ಟು ಸಲ ಬೇಕಾದರೂ ಹಾಕಬಹುದು. ಅದನ್ನು ಆ ದಿನ ಯಾಕೆ ಹಾಕಲಿಲ್ಲ ಅಂತ ಮನೆಯಲ್ಲಿ ಕೇಳಿದೆ. "ಅಪ್ಪಾಜಿ, ನೀವೆಲ್ಲಾ ಪಕ್ಕದಾಗ ನಿಂತಿದ್ರಿ, ಪಕ್ಕದಾಗ ನಿಂತವರಿಗೆ ಯಾರು ಮೆಸೇಜ್ ಮಾಡ್ತಾರ?" ಅಂದ. ಮನೆಯಲ್ಲಿ ಪಕ್ಕದ ಕೋಣೆಯಿಂದ ಅಮ್ಮನಿಗೆ ಚಹಾ ಬೇಕು ಅಂತ ಫೋನಿನಲ್ಲಿ ಮೆಸೇಜ್ ಹಾಕುವವನೇ ಈ ಮಾತು ಹೇಳಿದ್ದು.

ಡಿಎಂ ಸಾಹೇಬರಿಗೆ ನನ್ನ ಒಂದೇ ವಿನಂತಿ. ಆ ಕಸ ಗುಡಿಸುವ ಮುದುಕಿಗೆ ಏನೂ ಆಗಬಾರದು. ಕಿವುಡ್ಯಾಗೆ ಅವಳು ನಮಗೆ ಸನ್ನೆ ಮಾಡಿದ್ದು ಗೊತ್ತಾಗಿದೆಯೋ ಏನೋ ಅಂತ ಚಿಂತೆ.

---

ಬೆಳಗಾವಿ ಡೈಸ್:

ಕಾಕಾರ ಕಾಳಜಿ ನೋಡಿ ಖುಷಿಯಾಯಿತು. ಸರ್, ಇಂಥ ಆಟಗಾರರು ಸಿಗುವುದು ಕಷ್ಟ. ಮುದುಕಿಯನ್ನು ಕೊಂದರೆ ನಾನೇ ವಿಜಯಪುರದ ಬಸ್ ಹತ್ತಿ ಬಂದು ಜಗಳ ತೆಗೆಯುತ್ತೇನೆ.

ಅಕ್ಕೋರ ಓಟದ ತಕರಾರು ಗಟ್ಟಿ ಇದೆ. ನನ್ನ ಮೇಜಿನಲ್ಲಿ ಡ್ಯಾಶ್ ಮಾಡಿದವನಿಗೆ ಸ್ಟೆಲ್ತ್‌ನಲ್ಲಿ ಡಿಸ್‌ಅಡ್ವಾಂಟೇಜ್. ಪುಸ್ತಕದಲ್ಲಿ ಅದು ಹಾಗೆ ಕಡ್ಡಾಯ ಇಲ್ಲ, ಡಿಎಂ ವಿವೇಚನೆ. ಆದರೆ ಸದ್ದೇ ಮುಖ್ಯ ಆಗಿರುವ ಜಾಗದಲ್ಲಿ ಅದನ್ನು ಬಿಡಬಾರದು.

ಪ್ಲ್ಯಾನ್ ಸೋರಿದ್ದಕ್ಕೆ ಒಂದು ಉಪಾಯ ಹೇಳ್ತೀನಿ. ಆಟಗಾರರು ಪ್ಲ್ಯಾನನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಆಟ ಶುರುವಾಗುವ ಮುಂಚೆ ಮೇಜಿನ ನಡುವೆ ಇಡಲಿ. ಡಿಎಂ ತನ್ನ ಖಳ ಏನು ಮಾಡುತ್ತಾನೆ ಅಂತ ಇನ್ನೊಂದು ಲಕೋಟೆಯಲ್ಲಿ ಬರೆದಿಡಲಿ. ಇನಿಷಿಯೇಟಿವ್ (ಕದನದಲ್ಲಿ ಯಾರ ಸರದಿ ಮೊದಲು ಅನ್ನೋ ಡೈಸ್) ಹಾಕುವಾಗ ಎರಡನ್ನೂ ಒಡೆಯಿರಿ. ಆಗ ಯಾರೂ ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ. ದೊಡ್ಡ ಕದನಕ್ಕೆ ಮಾತ್ರ ಇದನ್ನು ಮಾಡಿ, ಪ್ರತಿ ಬಾಗಿಲಿಗೂ ಮಾಡಿದರೆ ಆಟ ಮುಂದಕ್ಕೇ ಹೋಗಲ್ಲ.

---

ಪಿಸುಗುಮ್ಮಟ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕೋರು ಇಲ್ಲಿಗೇ ಬರುತ್ತಾರೆ ಅಂತ ಅಂದುಕೊಂಡಿರಲಿಲ್ಲ!

ಹೀಗೆ ಮಾಡೋಣ ಅಂತಿದ್ದೇನೆ. ಕಿವುಡ್ಯಾ ಪ್ಲ್ಯಾನ್ ಕೇಳಿಸಿಕೊಂಡದ್ದನ್ನು ವಾಪಸ್ ತೆಗೆಯುವುದಿಲ್ಲ. ನಡೆದದ್ದು ನಡೆಯಿತು, ಕಥೆಗೂ ಅದು ಚೆನ್ನಾಗಿದೆ. ಆದರೆ ಓಡಿದ ಸದ್ದಿಗೆ ಬಾರ್ಡ್‌ಗೆ ಸಿಗಬೇಕಿದ್ದ ರೋಲ್ ಬಾಕಿ ಇದೆ. ಮುಂದಿನ ಸೆಷನ್ ಶುರುವಿನಲ್ಲಿ ಅವನು ಡೈಸ್ ಹಾಕುತ್ತಾನೆ. 15 ದಾಟಿದರೆ, ಬೀಳುವ ಮುಂಚೆ ಅವನ ಕಿವಿಗೆ ಓಟದ ಜೊತೆ ಇನ್ನೊಂದು ಸದ್ದು ಬಿದ್ದಿತ್ತು ಅಂತ ಹೇಳುತ್ತೇನೆ. ಅದೇನು ಅಂತ ಇಲ್ಲಿ ಬರೆಯಲ್ಲ, ನಾಲ್ಕು ಜನ ಓದುತ್ತಿದ್ದಾರೆ.

ಥಂಡರ್‌ವೇವ್‌ಗೆ ನವನಗರದವರ ನಿಯಮವೇ. ಕಾನ್‌ಸ್ಟಿಟ್ಯೂಶನ್ ಸೇವ್, ಡಿಸಿ (ಮುಟ್ಟಬೇಕಾದ ಅಂಕ) 12, ತಪ್ಪಿದರೆ ಒಂದು ರೌಂಡ್ ಡೆಫನ್ಡ್, ಗೋಡೆಗೆ ಒತ್ತಿ ಇರುವವರಿಗೆ ಡಿಸ್‌ಅಡ್ವಾಂಟೇಜ್. ಎರಡೂ ಕಡೆಗೆ ಒಂದೇ ನಿಯಮ. ಮೆಸೇಜ್ ಸ್ಪೆಲ್ ಬಗ್ಗೆ ಕಾಕಾ ಹೇಳಿದ್ದು ಸರಿ, ಅದು ಗೋಡೆಗೆ ಸೋರುವುದಿಲ್ಲ. ಆದರೆ ಗುಮ್ಮಟದ ಒಳ ಅಗಲ 125 ಅಡಿ ಅನ್ನೋದನ್ನು ಪಿಯುಸಿ ಹುಡುಗ ನೆನಪಿಟ್ಟುಕೊಳ್ಳಲಿ. ಅಲ್ಲಿಂದ ಇಲ್ಲಿಗೆ ಸರಿಯಾಗಿ ಎದುರು ನಿಂತರೆ ಐದಡಿ ಕಡಿಮೆ ಬೀಳುತ್ತದೆ.

ಲಕೋಟೆ ಉಪಾಯ ಬಹಳ ಹಿಡಿಸಿತು. ಶನಿವಾರ ಸಂಜೆಯೊಳಗೆ ಎರಡೂ ಲಕೋಟೆ ಕಾಕಾರ ಅಂಗಡಿಯ ಕೌಂಟರಿನಲ್ಲಿ ಇರಬೇಕು. ಗಲ್ಲಾಪೆಟ್ಟಿಗೆಯ ಕೆಳಗೆ, ಬೀಗ ಹಾಕಿ.

---

ಲೆಕ್ಕದ ಅಕ್ಕೋರು:

ಬೇಡ ಸರ್. ಕಾಕಾ ನಮ್ಮ ಪಾರ್ಟಿಯವರು, ನಿಮ್ಮ ಲಕೋಟೆ ಅವರ ಹತ್ತಿರ ಇದ್ದರೆ ನಾಳೆ ನೀವೇ ನಮ್ಮ ಮೇಲೆ ಅನುಮಾನ ಪಡುತ್ತೀರಿ. ನಿಮ್ಮ ಮನೆಯವರ ಹತ್ತಿರ ಇಡೋಣ. ಅವರು ಆಡುವುದಿಲ್ಲ, ನೀವೂ ಅವರಿಗೆ ಹೆದರುತ್ತೀರಿ, ಅವರ ತಮ್ಮನೂ ಹೆದರುತ್ತಾನೆ.